ಎಚ್.ಆರ್. ವೃತ್ತಿಗೆ ಯಾವ ಕೋರ್ಸು?

ಪದವಿ ಪರೀಕ್ಷೆ ಮುಗಿಯುತ್ತಿದ್ದಂತೆ ‘ಮುಂದೇನು?’ ಎಂಬ ಪ್ರಶ್ನೆ ಮನೆಮನೆಯಲ್ಲೂ ಏಳುತ್ತದೆ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದ ಅನೇಕರ ಕಣ್ಣು ಈಗ ‘ಎಚ್.ಆರ್.’, ಅಂದರೆ ಮಾನವ ಸಂಪನ್ಮೂಲ ವಿಭಾಗದ ಮೇಲಿದೆ. ಈ ಕ್ಷೇತ್ರಕ್ಕೆ ಮೂರು ತಿಂಗಳ ಸರ್ಟಿಫಿಕೇಟಿನಿಂದ ಹಿಡಿದು ಎರಡು ವರ್ಷದ ಎಂ.ಬಿ.ಎ.ವರೆಗೆ ಹತ್ತಾರು ಕೋರ್ಸುಗಳಿವೆ. ಸಾಲ ಮಾಡಿ ಶುಲ್ಕ ಕಟ್ಟುವ ಪೋಷಕರಿಗೆ ಯಾವುದನ್ನು ನಂಬಬೇಕೆಂಬ ಚಿಂತೆ. ಎಲ್ಲಿ ಕೆಲಸ ಮಾಡುವ ಆಸೆ ಎಂಬುದನ್ನು ಮೊದಲೇ ನಿರ್ಧರಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಕಾರ್ಖಾನೆಯತ್ತ ಒಲವಿದ್ದರೆ

ಕಾರ್ಮಿಕ ಕಲ್ಯಾಣಾಧಿಕಾರಿಯ ಹುದ್ದೆ ಕಾನೂನಿನಿಂದಲೇ ಬಂದದ್ದು. 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ, 500 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ಈ ಅಧಿಕಾರಿ ಇರಲೇಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಈ ಮಿತಿಯನ್ನು 250ಕ್ಕೆ ಇಳಿಸಿದೆ. ಹುದ್ದೆಗೆ ಬೇಕಾದ ವಿದ್ಯಾರ್ಹತೆಯನ್ನು ಸರ್ಕಾರದ ನಿಯಮಗಳೇ ಗೊತ್ತುಪಡಿಸುತ್ತವೆ. ಆದ್ದರಿಂದ ಈ ದಾರಿ ಹಿಡಿಯುವವರು ಕೋರ್ಸು ಸೇರುವ ಮುನ್ನ ಆ ನಿಯಮಗಳನ್ನು ಓದಲೇಬೇಕು.

ಸಾಮಾನ್ಯವಾಗಿ ಇಲ್ಲಿಗೆ ಒಪ್ಪುವುದು ಎಂ.ಎಸ್.ಡಬ್ಲ್ಯು., ಅಂದರೆ ಎರಡು ವರ್ಷದ ಸಮಾಜಕಾರ್ಯ ಸ್ನಾತಕೋತ್ತರ ಪದವಿ. ಪಾಠದ ಜೊತೆಜೊತೆಗೇ ಕ್ಷೇತ್ರಕಾರ್ಯ ಇರುವುದು ಇದರ ವಿಶೇಷ. ಕ್ಯಾಂಟೀನು, ಅಪಘಾತ, ರಜೆ, ಸಂಘದ ಬೇಡಿಕೆ ಎಲ್ಲವನ್ನೂ ವಿದ್ಯಾರ್ಥಿ ಕಣ್ಣಾರೆ ಕಾಣುತ್ತಾನೆ. ಬಿ.ಎಸ್ಸಿ. ಆದವರಿಗೂ ಪ್ರವೇಶ ನೀಡುವ ವಿಶ್ವವಿದ್ಯಾಲಯಗಳಿವೆ.

ಕಂಪನಿ ಕಚೇರಿಯಾದರೆ

ಸಾಫ್ಟ್‌ವೇರ್ ಕಂಪನಿ, ಬ್ಯಾಂಕು ಮುಂತಾದ ಕಡೆ ನೇಮಕಾತಿ, ತರಬೇತಿಯ ಕೆಲಸಕ್ಕೆ ಎಂ.ಬಿ.ಎ. ಕೇಳುವುದೇ ಹೆಚ್ಚು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ (1936), ಜಮ್ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ (1949) ಈ ಕ್ಷೇತ್ರದ ಹಳೆಯ ಹೆಸರುಗಳು, ಸ್ಪರ್ಧೆಯೂ ಬಿಗಿ. ನಮ್ಮ ರಾಜ್ಯದ ಕಾಲೇಜುಗಳಿಗೆ ಪಿಜಿಸಿಇಟಿ ಬರೆಯಬೇಕು. ಎಷ್ಟೋ ಕಾಲೇಜುಗಳಲ್ಲಿ ಎಚ್.ಆರ್. ವಿಷಯದ ಆಯ್ಕೆ ಎರಡನೇ ವರ್ಷಕ್ಕೆ ಬರುತ್ತದೆ. ಅದಕ್ಕೆ ಅಧ್ಯಾಪಕರಿದ್ದಾರೆಯೇ ಎಂದು ಮೊದಲೇ ವಿಚಾರಿಸಿ.

ದುಡಿಯುತ್ತಾ ಓದುವವರಿಗೆ

ಮನೆಯ ಹೊರೆ ಹೊತ್ತವರು ಕೆಲಸ ಬಿಟ್ಟು ಓದಬೇಕಿಲ್ಲ. 1980ರಲ್ಲಿ ರೂಪುಗೊಂಡ ರಾಷ್ಟ್ರೀಯ ಸಿಬ್ಬಂದಿ ನಿರ್ವಹಣಾ ಸಂಸ್ಥೆ (ಎನ್‌ಐಪಿಎಂ), ಇಗ್ನೋ ಮುಂತಾದವು ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಾ ಬಂದಿವೆ. ಬ್ರಿಟನ್ನಿನ ಸಿಐಪಿಡಿ ಸಂಸ್ಥೆಯ ಮೂರನೇ ಹಂತದ ಸರ್ಟಿಫಿಕೇಟಿಗೆ ಅಲ್ಲಿ ಬೆಲೆಯಿದೆ. ಊರಲ್ಲೇ ಕೆಲಸ ಹುಡುಕುವವರಿಗೆ ಅದಕ್ಕಾಗಿ ಸಾಲ ಬೇಡ. ಮೂರು ತಿಂಗಳ ಕೋರ್ಸುಗಳು ಪದವಿಯ ಜೊತೆ ಉಪ್ಪಿನಕಾಯಿಯಂತೆ, ಅದೇ ಊಟವಾಗದು.

ಲೆಕ್ಕವೂ ಬೇಕು

‘ಮಾತು ಚೆನ್ನಾಗಿ ಆಡುತ್ತಾನೆ, ಎಚ್.ಆರ್. ಓದಲಿ’ ಎನ್ನುವ ಪೋಷಕರಿದ್ದಾರೆ. ಮಾತಿನಷ್ಟೇ ಲೆಕ್ಕವೂ ಮುಖ್ಯ. ತಿಂಗಳಿಗೆ 15,000 ರೂಪಾಯಿ ವೇತನದ ಕಾರ್ಮಿಕನಿಂದ ಶೇ 12ರಂತೆ 1,800 ರೂಪಾಯಿ ಭವಿಷ್ಯ ನಿಧಿಗೆ, ಶೇ 0.75ರಂತೆ 113 ರೂಪಾಯಿ ಇಎಸ್‌ಐಗೆ ಕಡಿತವಾಗುತ್ತದೆ. ಇದರಲ್ಲಿ ತಪ್ಪಿದರೆ, ಕಾರ್ಮಿಕ ಕಾಯಿಲೆ ಬಿದ್ದಾಗಲೋ ನಿವೃತ್ತನಾದಾಗಲೋ ಪರದಾಡುವುದು ಅವನ ಸಂಸಾರ. ಹೊಣೆಗಾರಿಕೆ ಅಂಥದ್ದು. ಕಾರ್ಮಿಕ ಕಾನೂನು ಮತ್ತು ವೇತನ ಲೆಕ್ಕ ಪಠ್ಯದಲ್ಲಿಲ್ಲದ ಕೋರ್ಸಿನಿಂದ ದೂರವಿರಿ.

ಹಣ ಕಟ್ಟುವ ಮುನ್ನ ಮೂರು ಸಂಗತಿ ನೋಡಿ. ಪದವಿ ನೀಡುವ ಸಂಸ್ಥೆಗೆ ಯುಜಿಸಿ ಮಾನ್ಯತೆ, ಪಿಜಿಡಿಎಂ ಆದರೆ ಎಐಸಿಟಿಇ ಅನುಮೋದನೆ ಇದೆಯೇ? ದೂರಶಿಕ್ಷಣದ ಪದವಿಯಾದರೆ ಆ ವರ್ಷಕ್ಕೆ ಅನುಮತಿ ಇದೆಯೇ? ಹಿಂದಿನ ವರ್ಷ ಓದಿದವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರವನ್ನು ಕಾಲೇಜಿನ ಕರಪತ್ರದಲ್ಲಿ ಹುಡುಕದೆ, ಓದಿ ಬಂದವರನ್ನೇ ಕೇಳಿ ತಿಳಿಯಿರಿ.