ಹಂಸದ ಕೊಕ್ಕು ಓದಿದ ನೌಕಾಧಿಕಾರಿ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಸೆವರ್ನ್ ನದಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಇಳಿತದ ಹೊತ್ತಿನಲ್ಲಿ ಕಣ್ಣು ಹಾಯುವವರೆಗೂ ಕೆಸರು, ಅದರ ಅಂಚಿಗೆ ಹುಲ್ಲುಗಾವಲು. ರಷ್ಯಾದ ಉತ್ತರ ತುದಿಯಿಂದ ಬರುವ ಬಿಳಿಹಣೆಯ ಹೆಬ್ಬಾತುಗಳು ಚಳಿಗಾಲವಿಡೀ ಇಲ್ಲಿ ಮೇಯುತ್ತವೆ. ಎರಡನೇ ಮಹಾಯುದ್ಧ ಮುಗಿದ ಕೆಲವೇ ತಿಂಗಳಿಗೆ, 1945ರ ಡಿಸೆಂಬರ್‌ನಲ್ಲಿ, ಚಿತ್ರಕಾರರೂ ನೌಕಾಧಿಕಾರಿಯೂ ಆಗಿದ್ದ ಪೀಟರ್ ಸ್ಕಾಟ್ ಇಲ್ಲಿಗೆ ಬಂದರು. ಶತ್ರು ದಂಡೆಗೆ ಬಂದರೆ ಗುಂಡು ಹಾರಿಸಲೆಂದು ಕಟ್ಟಿದ್ದ ಕಾವಲುಗೂಡಿನ ಕಿಂಡಿಯಿಂದ ಅವರು ಹಿಂಡನ್ನು ನೋಡಿದರು. ಒಂದೇ ತೆರನಾಗಿ ಕಾಣುವ ಆ ಹಕ್ಕಿಗಳ ನಡುವೆ, ಕಣ್ಣಿನ ಸುತ್ತ ಹಳದಿ ಉಂಗುರವಿರುವ ಕಿರು ಬಿಳಿಹಣೆ ಹೆಬ್ಬಾತು ಅವರ ಕಣ್ಣಿಗೆ ಬಿತ್ತು. ಬ್ರಿಟನ್ನಿನಲ್ಲಿ ಅದು ತೀರಾ ಅಪರೂಪದ ಅತಿಥಿ. ಮರುವರ್ಷ ನವೆಂಬರ್ 10ರಂದು ಅಲ್ಲೇ, ಸ್ಲಿಮ್‌ಬ್ರಿಜ್ ಹಳ್ಳಿಯ ಪಕ್ಕದಲ್ಲಿ, ಅವರು ಕಟ್ಟಿದ ಒಂದು ಟ್ರಸ್ಟ್ ಹುಟ್ಟಿತು. ಇಂದು ವೈಲ್ಡ್‌ಫೌಲ್ ಅಂಡ್ ವೆಟ್‌ಲ್ಯಾಂಡ್ಸ್ ಟ್ರಸ್ಟ್ ಎಂದು ಹೆಸರಾಗಿರುವ ಈ ಸಂಸ್ಥೆ ನೀರುಹಕ್ಕಿಗಳ ಸಂರಕ್ಷಣೆಯ ಇತಿಹಾಸದಲ್ಲಿ ತಾಯಿಬೇರಿನಂಥದು.

ಸ್ಕಾಟ್ ಅವರ ಬದುಕನ್ನು ಬರೆಯುವವರು ಸಾಮಾನ್ಯವಾಗಿ ಒಂದು ಸುಲಭದ ಕಥೆ ಹೇಳುತ್ತಾರೆ: ಬೇಟೆಗಾರನಾಗಿದ್ದವನು ಯುದ್ಧದ ರಕ್ತ ಕಂಡು ಮನಸ್ಸು ಕರಗಿ ಹಕ್ಕಿಗಳ ಬಂಧುವಾದ. ಕಳಿಂಗದ ನಂತರದ ಅಶೋಕನ ಕಥೆ ಕೇಳಿ ಬೆಳೆದ ನಮಗೆ ಇದು ಬೇಗ ಒಗ್ಗುತ್ತದೆ. ಆದರೆ ದಾಖಲೆಗಳು ಇದನ್ನು ಒಪ್ಪುವುದಿಲ್ಲ. ಟ್ರಸ್ಟ್ ಕಟ್ಟಿದ ಮೇಲೂ ಸ್ಕಾಟ್ ಕೆಲವು ವರ್ಷ ಬಂದೂಕು ಹಿಡಿದಿದ್ದರು. ಅದನ್ನು ಪೂರ್ತಿ ಬಿಟ್ಟದ್ದು 1950ರ ದಶಕದಲ್ಲಿ. ಬೇಟೆಯ ಬಗ್ಗೆ ಅಳುಕು ಹುಟ್ಟಿದ್ದೋ ಗುಂಡು ತಗುಲಿ ಕೈಗೆಟುಕದ ಕೆಸರಿನಲ್ಲಿ ನರಳುತ್ತ ಬಿದ್ದಿದ್ದ ಒಂದು ಹೆಬ್ಬಾತನ್ನು ಕಂಡಾಗ. ಹಾಗಾದರೆ ಬೇಟೆಯಿಂದ, ಯುದ್ಧದಿಂದ ಅವರು ಸ್ಲಿಮ್‌ಬ್ರಿಜ್‌ಗೆ ತಂದದ್ದೇನು? ನೋಡುವ ವಿದ್ಯೆಯನ್ನು ತಂದರು ಎಂಬುದು ಈ ಲೇಖನದ ವಾದ. ಒಂದು ಜೀವವನ್ನು ಉಳಿಸುವ ಕೆಲಸ ಅದನ್ನು ಬಿಡಿಬಿಡಿಯಾಗಿ ಗುರುತಿಸಿ ಲೆಕ್ಕ ಇಡುವುದರಿಂದ ಶುರುವಾಗುತ್ತದೆ ಎಂಬುದನ್ನು ಅವರು ತೋರಿಸಿದರು. ಒಬ್ಬನ ಕಣ್ಣಿನಲ್ಲಿದ್ದ ಆ ಕಸುಬನ್ನು ಸಂಸ್ಥೆಯ ಕಸುಬಾಗಿಸಿದರು.

ಸ್ಕಾಟ್ ಹುಟ್ಟಿದ್ದು 1909ರಲ್ಲಿ. ತಂದೆ ದಕ್ಷಿಣ ಧ್ರುವದಿಂದ ಮರಳುವಾಗ 1912ರಲ್ಲಿ ಹಿಮದಲ್ಲಿ ಪ್ರಾಣ ಬಿಟ್ಟ ಕ್ಯಾಪ್ಟನ್ ರಾಬರ್ಟ್ ಸ್ಕಾಟ್. ಮಗನಿಗೆ ಪ್ರಕೃತಿಯಲ್ಲಿ ಆಸಕ್ತಿ ಹುಟ್ಟಿಸು ಎಂದು ಆತ ಹೆಂಡತಿಗೆ ಬರೆದ ಕೊನೆಯ ಪತ್ರ ಲೋಕಪ್ರಸಿದ್ಧ. ಹುಡುಗ ಚಿತ್ರಕಾರನಾದ, ಹಾಯಿದೋಣಿ ಸ್ಪರ್ಧೆಯಲ್ಲಿ 1936ರ ಒಲಿಂಪಿಕ್ ಕಂಚು ಗೆದ್ದ, ಹೆಬ್ಬಾತುಗಳ ಚಿತ್ರ ಬರೆದು ಅದೇ ಕೈಯಿಂದ ಅವುಗಳನ್ನು ಹೊಡೆದ. ಯುದ್ಧ ಬಂದಾಗ ನೌಕಾಪಡೆಯ ಸ್ವಯಂಸೇವಾ ಮೀಸಲು ದಳ ಸೇರಿ ಎಚ್‌ಎಂಎಸ್ ಬ್ರೋಕ್ ಎಂಬ ಡೆಸ್ಟ್ರಾಯರ್ ಹತ್ತಿದರು. ಇಲ್ಲಿ ಚಿತ್ರಕಾರನ ಕಣ್ಣು ಕೆಲಸಕ್ಕೆ ಬಂತು. ಹಡಗು ರಾತ್ರಿ ಕಾಣದಿರಬೇಕಾದರೆ ಗಾಢ ಬಣ್ಣ ಬೇಕು ಎಂದು ಎಲ್ಲರೂ ನಂಬಿದ್ದರು. ಇರುಳಲ್ಲೂ ಆಕಾಶ ಸಮುದ್ರಕ್ಕಿಂತ ತಿಳಿಯಾಗಿರುತ್ತದೆ, ಅದರ ಎದುರು ಹಡಗು ಕಪ್ಪಗೆ ಎದ್ದು ಕಾಣುತ್ತದೆ ಎಂಬುದನ್ನು ಗಮನಿಸಿದ ಸ್ಕಾಟ್, ಬಿಳಿ ಮತ್ತು ತೀರಾ ತಿಳಿಯಾದ ನೀಲಿ ಹಸಿರು ಬಳಿಯಲು ಸೂಚಿಸಿದರು. ಅಟ್ಲಾಂಟಿಕ್ಕಿನ ಬೆಂಗಾವಲು ಹಡಗುಗಳು ಆ ವಿಧಾನವನ್ನು ವ್ಯಾಪಕವಾಗಿ ಅನುಸರಿಸಿದವು. ಮುಂದೆ ಅವರು ಇಂಗ್ಲಿಷ್ ಕಾಲುವೆಯಲ್ಲಿ ಉಗಿ ಗನ್‌ಬೋಟುಗಳ ದಂಡನ್ನು ನಡೆಸಿದರು. ತಮ್ಮ ದೋಣಿಗೆ ಇಟ್ಟ ಹೆಸರು ‘ಗ್ರೇ ಗೂಸ್’, ಬೂದು ಹೆಬ್ಬಾತು. ಶೌರ್ಯಪದಕ ಬಂತು. ಆ ಕಿರುದೋಣಿಗಳ ಯುದ್ಧದ ಬಗ್ಗೆ 1945ರಲ್ಲಿ ‘ದಿ ಬ್ಯಾಟಲ್ ಆಫ್ ದಿ ನ್ಯಾರೋ ಸೀಸ್’ ಎಂಬ ಪುಸ್ತಕ, 1961ರಲ್ಲಿ ‘ದಿ ಐ ಆಫ್ ದಿ ವಿಂಡ್’ ಎಂಬ ಆತ್ಮಕಥೆ ಬರೆದರು. ಹಕ್ಕಿಯ ಕಣ್ಣಿಗೆ ಬೀಳದೆ ಕೂರುವುದು ಹೇಗೆಂಬುದು ಬೇಟೆಗಾರನ ಮೊದಲ ಪಾಠ. ಅದನ್ನು ಹಡಗಿಗೆ ಅನ್ವಯಿಸಿದ್ದವರು ಮರಳಿ ಹಕ್ಕಿಗಳ ಬಳಿಗೆ ತಂದರು: ಸ್ಲಿಮ್‌ಬ್ರಿಜ್‌ನ ಸುತ್ತ ಮರೆಗೂಡುಗಳು ಎದ್ದವು, ಟಿಕೆಟ್ ಕೊಂಡು ಬಂದ ಯಾರೂ ಕಾಡುಹಕ್ಕಿಯನ್ನು ಬೆದರಿಸದೆ ಹತ್ತಿರದಿಂದ ನೋಡುವಂತಾಯಿತು.

ಈ ವಿದ್ಯೆಯ ಅತ್ಯುತ್ತಮ ಫಲ ಹಂಸಗಳ ಅಧ್ಯಯನ. ರಷ್ಯಾದ ಆರ್ಕ್ಟಿಕ್ ತುಂಡ್ರಾದಲ್ಲಿ ಮರಿ ಮಾಡುವ ಬ್ಯೂಯಿಕ್ ಹಂಸಗಳು ಚಳಿಗಾಲಕ್ಕೆ ಪಶ್ಚಿಮ ಯುರೋಪಿಗೆ ಬರುತ್ತವೆ. 1964ರ ಚಳಿಗಾಲದಲ್ಲಿ ಅವು ಸ್ಕಾಟ್ ಮನೆಯ ಕಿಟಕಿಯೆದುರಿನ ಕೊಳಕ್ಕೇ ಇಳಿದವು. ಅವುಗಳ ಕೊಕ್ಕಿನ ಮೇಲೆ ಕಪ್ಪು ಮತ್ತು ಹಳದಿ ಬಣ್ಣ ಹರಡಿರುವ ರೀತಿ ಒಂದರದ್ದರಂತೆ ಇನ್ನೊಂದರದ್ದು ಇಲ್ಲ ಎಂಬುದು ಅವರ ಗಮನಕ್ಕೆ ಬಂತು. ಒಂದಕ್ಕೆ ಹಣೆಯಿಂದ ಮೂಗಿನ ಹೊಳ್ಳೆಯವರೆಗೆ ಕಪ್ಪು ಪಟ್ಟಿ, ಮತ್ತೊಂದಕ್ಕೆ ಹಳದಿಯ ನಡುವೆ ಒಂದು ಚುಕ್ಕೆ, ಮಗದೊಂದಕ್ಕೆ ಎರಡೂ ಬದಿಯ ಹಳದಿ ಮೇಲೆ ಬಂದು ಕೂಡಿಕೊಂಡಿರುತ್ತದೆ. ಸ್ಕಾಟ್, ಹೆಂಡತಿ ಫಿಲಿಪಾ, ಮಗಳು ಡಫಿಲಾ ಮೂವರೂ ಪ್ರತಿ ಹಂಸದ ಮುಖವನ್ನು ಎದುರಿನಿಂದ ಮತ್ತು ಪಕ್ಕದಿಂದ ಬರೆದು, ಹೆಸರಿಟ್ಟು, ಮರುವರ್ಷ ಯಾರು ಬಂದರು ಯಾರು ಬರಲಿಲ್ಲ ಎಂದು ಗುರುತು ಹಾಕಿದರು. ಲ್ಯಾನ್ಸಲಾಟ್ ಎಂಬ ಗಂಡು ಹಂಸ ಎರಡು ದಶಕಕ್ಕೂ ಹೆಚ್ಚು ಕಾಲ ಬರುತ್ತಲೇ ಇತ್ತು. ಆಗ ಶುರುವಾದ ಪುಸ್ತಕ ಇಂದಿಗೂ ಮುಚ್ಚಿಲ್ಲ. ಅದರಲ್ಲಿ ಸಾವಿರಾರು ಹಂಸಗಳಿವೆ. ಜೋಡಿಗಳು ವರ್ಷಗಟ್ಟಲೆ ಒಟ್ಟಿಗೇ ಇರುವುದು, ಬಾಳಸಂಗಾತಿ ಸತ್ತಾಗ ಉಳಿದದ್ದು ಏನು ಮಾಡುತ್ತದೆಂಬುದು, ಮರಿಗಳು ಯಾವ ವರ್ಷ ಕಡಿಮೆಯಾದವು ಎಂಬುದು ತಿಳಿದದ್ದು ಹೀಗೆ.

ಹಕ್ಕಿಗೆ ಹೆಸರಿಡುವುದು ಭಾವುಕತೆ, ವಿಜ್ಞಾನಕ್ಕೆ ಬೇಕಾದದ್ದು ಪ್ರಭೇದವೇ ಹೊರತು ಬಿಡಿ ಜೀವವಲ್ಲ ಎಂದು ಆಕ್ಷೇಪಿಸಬಹುದು. ಇದಕ್ಕೆ ಸ್ಲಿಮ್‌ಬ್ರಿಜ್‌ನಲ್ಲೇ ಉತ್ತರವಿದೆ. ಹಿಡಿದ ಹಂಸಗಳನ್ನು 1970ರ ದಶಕದಲ್ಲಿ ಎಕ್ಸ್‌ರೇ ಮಾಡಿದಾಗ ಸುಮಾರು ಮೂರರಲ್ಲಿ ಒಂದರ ಮೈಯಲ್ಲಿ ಸೀಸದ ಚರೆ ಸಿಕ್ಕಿತು. ಅವು ಹಾರುವ ಹಾದಿಯುದ್ದಕ್ಕೂ ಕಾನೂನಿನ ರಕ್ಷಣೆ ಇದ್ದ ಹಂಸಗಳು! ಕಾನೂನು ಕಾಗದದ ಮೇಲಿದೆ, ಗುಂಡು ಹಕ್ಕಿಯ ಮೈಯಲ್ಲಿದೆ ಎಂಬುದನ್ನು ಒಟ್ಟು ಸಂಖ್ಯೆ ಯಾವತ್ತೂ ಹೇಳುತ್ತಿರಲಿಲ್ಲ. ಒಂದೊಂದನ್ನೇ ಹಿಡಿದು ನೋಡಿದ್ದರಿಂದ ಅದು ಹೊರಬಿತ್ತು. ಪ್ರೀತಿಯಿಂದ ಇಟ್ಟ ಹೆಸರೇ ಅಲ್ಲಿ ದಾಖಲೆಯ ಶಿಸ್ತನ್ನೂ ಕಾಪಾಡಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೊಂದಿದೆ. ಸ್ಲಿಮ್‌ಬ್ರಿಜ್ ಕಾಡುಹಕ್ಕಿಗಳ ತಾಣ ಮಾತ್ರವಲ್ಲ. ಜಗತ್ತಿನ ನಾನಾ ಮೂಲೆಯ ಬಾತು, ಹೆಬ್ಬಾತು, ಹಂಸಗಳನ್ನು ತಂದು ಸಾಕಿದ ಸಂಗ್ರಹವೂ ಹೌದು. ಕೂಡಿಹಾಕುವುದು ಸಂರಕ್ಷಣೆ ಹೇಗಾದೀತು? ಪರವಾಗಿ ಹೇಳುವವರು ಹವಾಯಿಯ ನೇನೆ ಹೆಬ್ಬಾತನ್ನು ಮುಂದಿಡುತ್ತಾರೆ. 1950ರ ಹೊತ್ತಿಗೆ ಕಾಡಿನಲ್ಲಿ ಉಳಿದಿದ್ದವು ಮೂವತ್ತರ ಆಸುಪಾಸು. ಆ ವರ್ಷ ಜೋಡಿಯೆಂದು ಸ್ಲಿಮ್‌ಬ್ರಿಜ್‌ಗೆ ತಂದ ಎರಡು ಹಕ್ಕಿಗಳೂ ಮೊಟ್ಟೆಯಿಟ್ಟವು! ತುರ್ತಾಗಿ ವಿಮಾನದಲ್ಲಿ ಗಂಡೊಂದನ್ನು ತರಿಸಿಕೊಂಡರು. ಅಲ್ಲಿಂದ ಸಂತತಿ ಬೆಳೆದು, 1962ರಲ್ಲಿ ಮಾವಿ ದ್ವೀಪದ ಹಾಲೆಯಾಕಲಾ ಜ್ವಾಲಾಮುಖಿಯ ಕುಳಿಗೆ ಸ್ಕೌಟ್ ಹುಡುಗರು ಪೆಟ್ಟಿಗೆಗಳನ್ನು ಬೆನ್ನ ಮೇಲೆ ಹೊತ್ತು ನೇನೆಗಳನ್ನು ಮರಳಿಸಿದರು. ಇಂದು ಹವಾಯಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ನೇನೆಗಳಿವೆ. ಆದರೂ ಈ ಯಶಸ್ಸನ್ನು ಪೂರ್ತಿ ಸ್ಲಿಮ್‌ಬ್ರಿಜ್‌ನ ಹೆಸರಿಗೆ ಬರೆಯುವುದು ಸರಿಯಲ್ಲ. ಹವಾಯಿಯಲ್ಲೇ ನಡೆದ ಸಾಕಣೆಯಿಂದ ಹೊರಬಂದ ಹಕ್ಕಿಗಳು ಇನ್ನೂ ಹೆಚ್ಚು. ಮುಂಗುಸಿ ಕಾಡಿದ ದ್ವೀಪಗಳಲ್ಲಿ ಬಿಟ್ಟ ಹಕ್ಕಿಗಳ ಸಂಖ್ಯೆ ತೆವಳಿತು, ಮುಂಗುಸಿ ನೆಲೆಯೂರದ ಕವಾಯಿ ದ್ವೀಪದಲ್ಲಿ ಚೆನ್ನಾಗಿ ಹೆಚ್ಚಿತು. ಪಂಜರ ಸಮಯ ಕೊಳ್ಳುತ್ತದೆ; ನೆಲ ಸುರಕ್ಷಿತವಾಗದಿದ್ದರೆ ಆ ಸಮಯ ವ್ಯರ್ಥ.

ಇದೇ ಸಂಗ್ರಹದ ಕತ್ತಲೆಯ ಬದಿಯನ್ನೂ ಹೇಳಲೇಬೇಕು. 1940ರ ದಶಕದ ಕೊನೆಗೆ ಉತ್ತರ ಅಮೆರಿಕದಿಂದ ತಂದ ರಡ್ಡಿ ಬಾತುಗಳ ಮರಿಗಳು ಸ್ಲಿಮ್‌ಬ್ರಿಜ್‌ನಿಂದ ತಪ್ಪಿಸಿಕೊಂಡು ಬ್ರಿಟನ್ನಿನಲ್ಲಿ ನೆಲೆಯೂರಿದವು, ಅಲ್ಲಿಂದ ಯುರೋಪಿಗೆ ಹಬ್ಬಿದವು. ಸ್ಪೇನಿನಲ್ಲಿ ಅಳಿವಿನಂಚಿನಿಂದ ಆಗತಾನೆ ಮೇಲೇಳುತ್ತಿದ್ದ ಬಿಳಿತಲೆ ಬಾತಿನೊಂದಿಗೆ ಕೂಡಿ ಮಿಶ್ರತಳಿ ಹುಟ್ಟಿಸಿದವು. ಕೊನೆಗೆ ಬ್ರಿಟಿಷ್ ಸರ್ಕಾರ 2005ರಿಂದ ರಡ್ಡಿ ಬಾತುಗಳನ್ನು ಗುಂಡಿಟ್ಟು ನಿರ್ಮೂಲ ಮಾಡುವ ಕಾರ್ಯಕ್ರಮ ನಡೆಸಬೇಕಾಯಿತು. ಹಕ್ಕಿಗಳನ್ನು ಬೇಟೆಯಿಂದ ಬಿಡಿಸಿದವನ ಅಂಗಳದಿಂದ ಹೊರಟ ಹಕ್ಕಿಗಳಿಗೆ ಈ ಗತಿ ಬಂದದ್ದು ನಿಜಕ್ಕೂ ದುಃಖದ ಸಂಗತಿ, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಇದು ಗುರುತಿಸುವಿಕೆಯ ವಾದವನ್ನು ಕೆಡವುವುದಿಲ್ಲ, ಅದರ ಹೊಣೆಯನ್ನು ಹೆಚ್ಚಿಸುತ್ತದೆ. ಅಪಾಯ ಬೆಳೆದದ್ದು ತಪ್ಪಿಸಿಕೊಂಡ ಹಕ್ಕಿಯನ್ನು ಮೊದಲ ದಶಕಗಳಲ್ಲಿ ಯಾರೂ ಗಂಭೀರವಾಗಿ ಲೆಕ್ಕಕ್ಕೆ ಹಿಡಿಯದಿದ್ದಾಗ. ಅದು ಪತ್ತೆಯಾದದ್ದು ಯುರೋಪಿನುದ್ದಕ್ಕೂ ನೀರುಹಕ್ಕಿಗಳನ್ನು ಎಣಿಸುವ ಪದ್ಧತಿ ಬೇರೂರಿದ ಮೇಲೆ.

ಆ ಎಣಿಕೆಯ ಪದ್ಧತಿಯೇ ಸ್ಲಿಮ್‌ಬ್ರಿಜ್‌ನ ದೊಡ್ಡ ಕಾಣಿಕೆ ಎಂದು ನನ್ನ ಎಣಿಕೆ. ಸ್ಕಾಟ್ ಹೆಸರು ಬಂದರೆ ಜನ 1961ರಲ್ಲಿ ಅವರೂ ಸೇರಿ ಸ್ಥಾಪಿಸಿದ ವಿಶ್ವ ವನ್ಯಜೀವಿ ನಿಧಿಯನ್ನೂ ಅದಕ್ಕೆ ಅವರು ಬರೆದುಕೊಟ್ಟ ಪಾಂಡಾ ಲಾಂಛನವನ್ನೂ ನೆನೆಯುತ್ತಾರೆ. ಅದಕ್ಕಿಂತ ಆಳವಾದ ಕೆಲಸ ರೆಡ್ ಡೇಟಾ ಬುಕ್. ಯಾವ ಪ್ರಾಣಿ ಎಷ್ಟು ಅಪಾಯದಲ್ಲಿದೆ ಎಂದು ವರ್ಗ ಮಾಡಿ ಬರೆದಿಡುವ ಆ ಯೋಚನೆಗೆ ಅವರೇ ಮೂಲ. 1966ರಿಂದ ಸಂಪುಟಗಳು ಬರತೊಡಗಿದವು. ಬಿಡಿಹಾಳೆಗಳಲ್ಲಿ ಮುದ್ರಿಸಿದ್ದರಿಂದ ಸ್ಥಿತಿ ಬದಲಾದಂತೆ ಹಾಳೆ ಬದಲಿಸಬಹುದಿತ್ತು. ಹಂಸದ ಪುಸ್ತಕದ ಕ್ರಮವೇ ಇಡೀ ಜಗತ್ತಿಗೆ ಹಿಗ್ಗಿದಂತೆ.

ಕನ್ನಡನಾಡಿಗೆ ನಂಟು ಕೂಡುವುದೂ ಇಲ್ಲೇ. ನೀರುಹಕ್ಕಿಗಳ ಅಂತರರಾಷ್ಟ್ರೀಯ ಸಂಶೋಧನಾ ಮಂಡಳಿಯ ಕಚೇರಿ ಸ್ಲಿಮ್‌ಬ್ರಿಜ್‌ನಲ್ಲಿತ್ತು. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸರ್‌ನಲ್ಲಿ ಸಹಿ ಬಿದ್ದ ಜೌಗುನೆಲ ಒಪ್ಪಂದವನ್ನು ರೂಪಿಸುವಲ್ಲಿ ಆ ಮಂಡಳಿಯ ಪಾತ್ರ ದೊಡ್ಡದು. ಆ ಒಪ್ಪಂದದಡಿ ಗುರುತಿಸಿದ ತಾಣಗಳ ಪಟ್ಟಿಗೆ ರಂಗನತಿಟ್ಟು 2022ರಲ್ಲಿ ಸೇರಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ 2024ರಲ್ಲಿ ಸೇರಿದವು. ಬರೀ ಫಲಕ ನೆಟ್ಟರೆ ಕೆರೆ ಉಳಿದೀತೇ ಎಂಬ ಅನುಮಾನ ನ್ಯಾಯವಾದದ್ದೇ. ಒತ್ತುವರಿ, ಚರಂಡಿ ನೀರು ಫಲಕವನ್ನು ಓದುವುದಿಲ್ಲ. ಆದರೆ ಈ ಒಪ್ಪಂದದ ಮಾನದಂಡಗಳನ್ನು ನೋಡಬೇಕು. ಒಂದು ತಾಣದಲ್ಲಿ ನಿಯಮಿತವಾಗಿ 20,000 ನೀರುಹಕ್ಕಿಗಳು ನೆಲೆಸಿದರೆ, ಅಥವಾ ಒಂದು ಪ್ರಭೇದದ ಸಮುದಾಯದ ಶೇಕಡಾ 1ರಷ್ಟು ಅಲ್ಲಿದ್ದರೆ, ಅದು ಅಂತರರಾಷ್ಟ್ರೀಯ ಮಹತ್ವದ ತಾಣವೆನಿಸಲು ಅಷ್ಟು ಸಾಕು. ಈ ಅಂಕಿ ಯಾರೋ ಎಣಿಸದೆ ಬರುವುದಿಲ್ಲ. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಲ್ಲಿ ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದವೂ ಕಂಡಿವೆ. ಪಟ್ಟಿಯ ಮೇಲಿನ ಅಕ್ಷರ ಮತ್ತು ಅಂಕಿಯನ್ನು ದಂಡೆಯಿಂದಲೇ ಓದಿ ಬರೆದುಕೊಂಡವರಿಂದಾಗಿ, ಒಂದು ಹಕ್ಕಿ ಹಿಮಾಲಯ ದಾಟಿ ಯಾವ ಸರೋವರದಿಂದ ಯಾವ ಕೆರೆಗೆ ಬಂತೆಂಬುದು ಎರಡು ದೇಶಗಳ ದಾಖಲೆಗೆ ಸೇರಿದೆ. ಪ್ರತಿ ಜನವರಿಯ ಏಷ್ಯಾ ನೀರುಹಕ್ಕಿ ಗಣತಿಗೆ ದುರ್ಬೀನು ಹಿಡಿದು ಹೋಗುವ ನಮ್ಮ ಹವ್ಯಾಸಿಗಳು ಬರೆದುಕೊಡುವ ಪಟ್ಟಿಗಳು ಇಂಥ ದಾಖಲೆಗೇ ಹೋಗಿ ಸೇರುತ್ತವೆ. ಇನ್ನೂ ಯಾವ ಪಟ್ಟಿಯಲ್ಲೂ ಇಲ್ಲದ ಉತ್ತರ ಕರ್ನಾಟಕದ ಎಷ್ಟೋ ಕೆರೆಗಳಿಗೆ ಈಗ ಬೇಕಾಗಿರುವುದು ವರ್ಷ ತಪ್ಪದೆ ನಡೆಯುವ ಈ ಎಣಿಕೆ.