ಅಂಗಳದಲ್ಲಿ ಹೂವು, ಕಾಡಿನಲ್ಲಿ ಕಳೆ

ಗಡಿ ಎನ್ನುವುದು ಮನುಷ್ಯರಿಗೆ ಮಾತ್ರ. ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಬೇಕು, ಕಾಗದ ತೋರಿಸಬೇಕು. ಬೀಜಕ್ಕೆ ಆ ತಾಪತ್ರಯವಿಲ್ಲ. ಹಕ್ಕಿಯ ಹೊಟ್ಟೆಯಲ್ಲಿ ಕೂತು ಮೋಯಾರ್ ಹೊಳೆ ದಾಟಿದರೆ ಸಾಕು, ಮಸಿನಗುಡಿಯ ಗಿಡ ಬಂಡೀಪುರದ್ದಾಗುತ್ತದೆ. ಆದ್ದರಿಂದ ನೀಲಗಿರಿಯವರು ಮನೆಯಂಗಳದಲ್ಲಿ ಏನು ನೆಡುತ್ತಾರೆ ಎಂಬುದು ಗುಂಡ್ಲುಪೇಟೆಯ ರೈತನಿಗೂ ಸಂಬಂಧಿಸಿದ ವಿಚಾರವೇ.

ಲಂಟಾನವನ್ನೇ ನೋಡಿ. ಇಂದು ಮುದುಮಲೆ, ಬಂಡೀಪುರ ಎರಡೂ ಕಡೆ ಕಾಡಿನ ನೆಲವನ್ನು ಆವರಿಸಿರುವ ಈ ಪೊದೆ ಕಾಡಿನದಲ್ಲ, ತೋಟದ್ದು. ಅಮೆರಿಕ ಖಂಡದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹೂವಿನ ಅಂದಕ್ಕೆ, ಬೇಲಿಗೆ ಅಂತ ಊರಿಂದೂರಿಗೆ ಹೋಯಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಕಾಡಿಗೆ ಬಿತ್ತಿದವು. ದಟ್ಟ ಲಂಟಾನದ ಕೆಳಗೆ ಹುಲ್ಲು ಏಳುವುದಿಲ್ಲ. ಎಲೆ ತಿಂದ ದನದ ಪಿತ್ತಜನಕಾಂಗ ಕೆಡುತ್ತದೆ. ಜಿಂಕೆ, ಕಾಟಿ, ಆನೆಗೆ ಮೇವು ಕಡಿಮೆ. ಕಾಡುಹಂದಿಗೆ ಮಾತ್ರ ಒಳ್ಳೆಯ ಅಡಗುತಾಣ. ಕಾಡಿನಲ್ಲಿ ಮೇವು ಸಿಗದ ಪ್ರಾಣಿ ಎಲ್ಲಿಗೆ ಬರುತ್ತದೆ ಎಂಬುದನ್ನು ರಾಗಿ, ಮುಸುಕಿನ ಜೋಳ ಬೆಳೆಯುವವರಿಗೆ ನಾನು ಹೇಳಬೇಕಾಗಿಲ್ಲ.

ಗೂಡಲೂರು ಕಡೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ ಮುಂತಾದ ಬುಡಕಟ್ಟಿನ ಕುಶಲಕರ್ಮಿಗಳು ಇದೇ ಲಂಟಾನ ಕಡ್ಡಿಯಿಂದ ಆನೆ ಗಾತ್ರದ ಆನೆಗಳನ್ನೇ ಕಟ್ಟಿದರು. 2021ರಲ್ಲಿ ಅವು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಮೆಚ್ಚತಕ್ಕ ಕೆಲಸ. ಆದರೆ ಕಳೆಯನ್ನು ಕಡಿದು ಮುಗಿಸುವುದಕ್ಕಿಂತ ಹೊಸದನ್ನು ತಾರದಿರುವುದು ಸುಲಭವಲ್ಲವೇ?

ನರ್ಸರಿಯ ಮೂರು ಮಾತು

ಯಾವ ನರ್ಸರಿಗೆ ಹೋದರೂ ನನ್ನ ಕಿವಿಗೆ ಬೀಳುವ ಮಾತು ಮೂರು. "ಇದಕ್ಕೆ ದನ ಬಾಯಿ ಹಾಕಲ್ಲ ಸಾರ್. ನೀರು ಹಾಕದಿದ್ರೂ ಬರುತ್ತೆ. ಎರಡೇ ವರ್ಷಕ್ಕೆ ಆಳೆತ್ತರ ಹೋಗಿ ಮೈತುಂಬ ಹೂ ಬಿಡುತ್ತೆ." ಮಾರುವವರದು ತಪ್ಪಲ್ಲ, ಗಿರಾಕಿ ಕೇಳುವುದೂ ಅದನ್ನೇ. ಆದರೆ ಯೋಚಿಸಿ ನೋಡಿ, ಈ ಮೂರೂ ಗುಣ ಹೊರಗಿನ ಗಿಡವೊಂದರಲ್ಲಿ ಸೇರಿದರೆ ಅದು ಕಳೆಯಾಗಲು ಅರ್ಧ ಅರ್ಹತೆ ಬಂದ ಹಾಗೆಯೇ.

ಹಳದಿ ಹೂವಿನ ಸೆನ್ನಾ ಮರದ ಕಥೆಯೂ ಇಷ್ಟೇ. ಗೂಡಲೂರಿನ ಮಲಯಾಳಿಗಳು ಮಂಜಕೊನ್ನ ಎನ್ನುವ ಮರ ಅದು. ನೆರಳಿಗೆ, ಅಂದಕ್ಕೆ ನೆಟ್ಟದ್ದು ಮುದುಮಲೆ, ವಯನಾಡು ಕಾಡುಗಳಿಗೆ ನುಗ್ಗಿತು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇಂಥ ಗಿಡಗಳನ್ನು ತೆಗೆಯಲೆಂದೇ ತಮಿಳುನಾಡು ಸರ್ಕಾರ 2022ರಲ್ಲಿ ನೀತಿಯೊಂದನ್ನು ತರಬೇಕಾಯಿತು. ಮೇಲೆ ಊಟಿಯ ಕಡೆ ಬ್ರಿಟಿಷರ ತೋಟದ ಸ್ಕಾಚ್ ಬ್ರೂಮ್ ಪೊದೆ ಹುಲ್ಲುಗಾವಲಿಗೆ ಹಬ್ಬಿತು.

ಹಾಗಂತ ಪರದೇಶದ್ದೆಲ್ಲ ಕೆಟ್ಟದ್ದಲ್ಲ. ಊಟಿಯ ಆಲೂಗಡ್ಡೆ, ಕ್ಯಾರೆಟ್, ಟೀ, ನಮ್ಮ ಗುಂಡ್ಲುಪೇಟೆಯ ಚೆಂಡು ಹೂ ಎಲ್ಲವೂ ಹೊರಗಿನಿಂದ ಬಂದವೇ. ಅವು ನೆಟ್ಟ ಜಾಗ ಬಿಟ್ಟು ಕಾಡಿಗೆ ಓಡಲಿಲ್ಲ. ಗಿಡ ಎಲ್ಲಿಂದ ಬಂತು ಎನ್ನುವುದಕ್ಕಿಂತ ಎಲ್ಲಿಗೆ ಹೊರಟಿದೆ ಎನ್ನುವುದೇ ಮುಖ್ಯ.

ಎಲ್ಲಿಗೆ ಯಾವುದು?

ನೀಲಗಿರಿ ಒಂದೇ ಜಿಲ್ಲೆಯಾದರೂ ಹವೆ ಒಂದೇ ಅಲ್ಲ. ಮಸಿನಗುಡಿ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ಮಳೆ ಕಡಿಮೆಯ ಒಣಸೀಮೆ. ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿದರೆ 2,240 ಮೀಟರ್ ಎತ್ತರದ ಊಟಿ, ಅಲ್ಲಿ ಚಳಿಗಾಲಕ್ಕೆ ಮಂಜು ಹೆಪ್ಪುಗಟ್ಟುತ್ತದೆ. ಗೂಡಲೂರಿನಲ್ಲಿ ಮುಂಗಾರು ಬಿಡದೆ ಸುರಿಯುತ್ತದೆ.

ಮಸಿನಗುಡಿ, ಗುಂಡ್ಲುಪೇಟೆ ಕಡೆಗೆ ನೆಲ್ಲಿ, ಹೊಂಗೆ, ಮುತ್ತುಗ, ಬಿಲ್ವ, ಕರಿಬೇವು ಹೊಂದುತ್ತವೆ. ಬೇಲಿಗೆ ಲಕ್ಕಿ, ಆಡುಸೋಗೆ ಹಾಕಿ. ಆಡುಸೋಗೆಗೆ ಆಡೂ ಬಾಯಿ ಹಾಕದು, ಮೇಲಾಗಿ ಕೆಮ್ಮಿಗೆ ಮದ್ದು. ಮುಳ್ಳುಬೇಲಿ ಬೇಕೆನ್ನುವವರಿಗೆ ಕವಳೆ ಇದೆ. ಒಂದು ಎಚ್ಚರ: ಕಾಡಂಚಿನಲ್ಲಿ ಹಲಸು, ಬಾಳೆ ಮನೆಗೆ ಒತ್ತಿ ಬೇಡ. ಹಣ್ಣಿನ ವಾಸನೆಗೆ ಆನೆ ಬಾಗಿಲಿಗೇ ಬಂದೀತು.

ಗೂಡಲೂರಿನ ಅಂಗಳಕ್ಕೆ ಸಂಪಿಗೆ, ಕೇಪಳ, ಮರಕ್ಕೆ ಹಬ್ಬಿಸಲು ಮೆಣಸಿನ ಬಳ್ಳಿ. ಊಟಿಯ ಕಡೆ, ಬಡಗ ಬಂಧುಗಳ ಹಟ್ಟಿಗಳಲ್ಲಿ, ಗುಲಾಬಿ ಬಣ್ಣದ ಹೂ ಬಿಟ್ಟು ಕಪ್ಪು ನೇರಳೆ ಹಣ್ಣು ಕೊಡುವ ತವಿಟ್ಟು ಹಣ್ಣಿನ ಗಿಡ ಸೊಗಸು. ಜಾಗವಿದ್ದವರು ಕೆಂಪು ಹೂವಿನ ರೋಡೋಡೆಂಡ್ರಾನ್ ನೆಡಬಹುದು. ಬೆಳೆಯುವುದು ನಿಧಾನ, ತಾಳ್ಮೆ ಬೇಕು.

ಹಳದಿ ಹೂವೇ ಬೇಕೆ? ನಮ್ಮ ಕಕ್ಕೆ ಇದೆಯಲ್ಲ! ಸೆನ್ನಾ ಎಂದು ಮೋಸ ಹೋಗದಿರಲು ಗುರುತು ಹೇಳುತ್ತೇನೆ. ಕಕ್ಕೆಯ ಹೂ ಬೇಸಗೆಯಲ್ಲಿ ಸರದ ಹಾಗೆ ಕೆಳಗೆ ಇಳಿಬೀಳುತ್ತದೆ. ಸೆನ್ನಾದ ಗೊಂಚಲು ಕೊಂಬೆಯ ತುದಿಯಲ್ಲಿ ಮೇಲಕ್ಕೆ ನಿಲ್ಲುತ್ತದೆ. ಕಕ್ಕೆಯ ಎಲೆಗಳು ಅಗಲ, ಎಣಿಕೆಗೆ ಕಡಿಮೆ. ಸೆನ್ನಾದವು ಸಣ್ಣ, ಸಾಲು ಉದ್ದ.

ಸಸಿ ಮಾಡುವ ಬಗೆ

ಕಾಡಿನಿಂದ ಗಿಡ ಕೀಳಬೇಡಿ, ಹುಲಿ ಮೀಸಲು ಪ್ರದೇಶದಲ್ಲಿ ಅದು ಅಪರಾಧ. ಊರಿನ ಮರದ ಬೀಜವೇ ಸಾಕು. ಕಕ್ಕೆಯ ಬೀಜದ ಸಿಪ್ಪೆ ಗಟ್ಟಿ, ಬಿಸಿನೀರು ಹೊಯ್ದು ಒಂದು ರಾತ್ರಿ ನೆನೆಸಿ ಬಿತ್ತಬೇಕು. ಹೊಂಗೆಯನ್ನು ಹೊಸ ಬೀಜ ಸಿಕ್ಕಿದಾಗಲೇ ಹಾಕಿ. ಲಕ್ಕಿ, ಆಡುಸೋಗೆಯ ಕಡ್ಡಿ ಮುರಿದು ಮಳೆಗಾಲದಲ್ಲಿ ಊರಿದರೆ ಬೇರು ಬಿಡುತ್ತವೆ. ಹಳೆಯ ಹಾಲಿನ ಪ್ಯಾಕೆಟ್ಟಿನ ಬದಲು ತೆಂಗಿನ ಚಿಪ್ಪು, ಬಿದಿರಿನ ಗಂಟು ಬಳಸಿ. ಮೊದಲ ಎರಡು ಬೇಸಗೆಗೆ ನೀರು ಕೊಡಲೇಬೇಕು. ನಾಡಗಿಡ ಎಂದ ಮಾತ್ರಕ್ಕೆ ಎಳೆ ಸಸಿಗೆ ಬಾಯಾರಿಕೆ ಇಲ್ಲವೆಂದಲ್ಲ.

ವ್ಯಾಪಾರಸ್ಥರಲ್ಲಿ ಒಂದು ಮಾತು. ಕೇಳುವವರಿಲ್ಲ ಅಂತ ನರ್ಸರಿಯವರು ಕಕ್ಕೆ, ಕೇಪಳ ಇಡುವುದಿಲ್ಲ. ಇಟ್ಟಿಲ್ಲ ಅಂತ ನಾವು ಕೇಳುವುದಿಲ್ಲ. ಈ ಮುಂಗಾರಿಗೆ ಹತ್ತು ಮಂದಿ ಹೋಗಿ "ಕಕ್ಕೆ ಸಸಿ ಇದೆಯಾ ಅಣ್ಣ?" ಎಂದು ಕೇಳಿದರೆ, ಮುಂದಿನ ಮುಂಗಾರಿಗೆ ಅದು ಮಾರಾಟಕ್ಕೆ ಬಂದೇ ಬರುತ್ತದೆ.