ಹುಂಜದ ಗರಿ, ಸೀರೆ ಜರಿ, ಸ್ಪ್ರೇ ಡಬ್ಬದ ನಳಿಗೆ: ಗಾಳಕ್ಕೆ 'ಸುಳ್ಳು ಮೀನು' ಕಟ್ಟೋದು ಹೀಗೆ

ಕುಶಾಲನಗರ: ಗಾಳ ಅಂದ ಕೂಡಲೇ ಎರೆಹುಳ ನೆನಪಾಗುತ್ತೆ. ಕಾವೇರಿಯ ಬಿಳಿಮೀನು, ಅಂದ್ರೆ ಮಹಶೀರ್‌ಗೆ ಹಿಂದಿನಿಂದಲೂ ರಾಗಿ ಹಿಟ್ಟಿನ ಉಂಡೆ ಹೆಸರುವಾಸಿ. ಆದರೆ ಫ್ಲೈ ಗಾಳ ಹಾಕುವವರು ಮೀನಿಗೆ ತಿನ್ನುವ ಪದಾರ್ಥ ಏನೂ ಕೊಡುವುದಿಲ್ಲ. ಕೋಳಿ ಗರಿ, ಕೂದಲು, ಹೊಳೆಯುವ ದಾರ ಸೇರಿಸಿ ಕಟ್ಟಿದ ಸುಳ್ಳು ಮೀನನ್ನೇ ನೀರಿಗೆ ಬಿಡುತ್ತಾರೆ. ಇದನ್ನು ಮನೆಯಲ್ಲೇ ಕಟ್ಟಬಹುದು. ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಪಾಲು ನಮ್ಮ ಸಂತೆ, ಅಂಗಡಿಗಳಲ್ಲೇ ಸಿಗುತ್ತೆ.

ಸ್ಟ್ರೀಮರ್ ಅಂದ್ರೆ ಏನು?

ಫ್ಲೈ ಅಂದ್ರೆ ನೊಣ. ನೀರಿನ ಮೇಲೆ ತೇಲುವ ಹುಳುವಿನಂತೆ ಕಟ್ಟಿದ್ದು ಮೂಲ ಫ್ಲೈ. ಸ್ಟ್ರೀಮರ್ ಹಾಗಲ್ಲ, ಅದು ಮರಿ ಮೀನಿನ ವೇಷ. ಉದ್ದ ಕಾಲಿನ ಕೊಕ್ಕೆಯ ಮೇಲೆ ಉದ್ದ ಗರಿ ಕಟ್ಟಿರುತ್ತಾರೆ. ದಾರ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದಾಗ ಗರಿ ನೀರೊಳಗೆ ಮಡಚಿ ಬಿಚ್ಚುತ್ತೆ. ಗಾಯಗೊಂಡ ಮರಿ ಮೀನು ಓಡ್ತಾ ಇದೆ ಅಂತ ಮಹಶೀರ್, ಕೊರವದಂಥ ಬೇಟೆ ಮೀನು ಮೇಲೆ ಬೀಳುತ್ತೆ.

ಈ ಹವ್ಯಾಸ ನಮ್ಮ ಭಾಗಕ್ಕೆ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲೇ ಮಂಗಳೂರಿನಲ್ಲಿ ಅಚ್ಚಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡ್, ಅಂದ್ರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಇಂದಿಗೂ ಗಾಳಗಾರರ ಬಾಯಲ್ಲಿದೆ.

ಟ್ಯೂಬ್ ಫ್ಲೈ ಯಾಕೆ?

ಟ್ಯೂಬ್ ಫ್ಲೈಯಲ್ಲಿ ಗರಿಗಳನ್ನು ಕೊಕ್ಕೆಗೆ ಕಟ್ಟದೆ ಸಣ್ಣ ನಳಿಗೆಗೆ ಕಟ್ಟುತ್ತಾರೆ. ಗಾಳದ ದಾರ ನಳಿಗೆಯೊಳಗೆ ಹಾದು ಹಿಂದೆ ಬರುತ್ತೆ, ಅದರ ತುದಿಗೆ ಬಿಡಿ ಕೊಕ್ಕೆ. 1940ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಮೀನಿಗಾಗಿ ಶುರುವಾದ ಪದ್ಧತಿ ಇದು. ಲಾಭ ಮೂರು:

- ಕೊಕ್ಕೆ ಮೊಂಡಾದರೆ ಅಥವಾ ಮುರಿದರೆ ಅದೊಂದನ್ನೇ ಬದಲಿಸಿದರೆ ಸಾಕು. ಕಟ್ಟಿದ ಫ್ಲೈ ಉಳಿಯುತ್ತೆ.
- ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ. ಗಂಟಲಲ್ಲಿರುವ ಹಲ್ಲು ಮಾತ್ರ ಬಸವನಹುಳದ ಚಿಪ್ಪನ್ನೂ ಅರೆಯುವಷ್ಟು ಗಟ್ಟಿ. ಮೀನು ಸಿಕ್ಕಾಗ ನಳಿಗೆ ದಾರದ ಮೇಲೆ ಜಾರಿ ಬಾಯಿಂದ ಆಚೆ ಹೋಗುವುದರಿಂದ ಗರಿ ಹಾಳಾಗುವುದು ಕಡಿಮೆ.
- ಉದ್ದ ಕಾಲಿನ ಕೊಕ್ಕೆ ಮೀನಿನ ಬಾಯಲ್ಲಿ ಸನ್ನೆಕೋಲಿನಂತೆ ತಿರುಚಿ ಗಾಯ ಮಾಡುತ್ತೆ. ಗಿಡ್ಡ ಕೊಕ್ಕೆಯಲ್ಲಿ ಆ ತೊಂದರೆ ಕಡಿಮೆ.

ಮೂರನೆಯದೇ ಮುಖ್ಯ. ಹಿಡಿದ ಮೀನನ್ನು ವಾಪಸ್ ಬಿಡುವುದಾದರೆ ಅದು ಬದುಕುವಂತೆ ಬಿಡಬೇಕು. ಎರೆಯನ್ನು ಮೀನು ನುಂಗುತ್ತೆ, ಕೊಕ್ಕೆ ಗಂಟಲಿಗೆ ಇಳಿಯುತ್ತೆ. ಫ್ಲೈ ಹೆಚ್ಚಾಗಿ ತುಟಿಯಲ್ಲೇ ಸಿಕ್ಕಿಕೊಳ್ಳುತ್ತೆ.

ಸಾಮಾನು ಎಲ್ಲಿ ಸಿಗುತ್ತೆ?

- ಹಾರ್ಡ್‌ವೇರ್ ಅಂಗಡಿ: ತುಕ್ಕು ಬಿಡಿಸುವ ಸ್ಪ್ರೇ ಡಬ್ಬದ ಜೊತೆ ಬರುವ ತೆಳು ನಳಿಗೆ, ಸಣ್ಣ ವೈಸ್, ಗೋಣಿ ಹೊಲಿಯುವ ದಬ್ಬಳ.
- ಅಕ್ವೇರಿಯಂ ಅಂಗಡಿ: ಗಾಳಿ ಪಂಪಿನ ಮೆತ್ತನೆ ಟ್ಯೂಬ್, ಒಂದು ಗೇಣು.
- ಕೋಳಿ ಅಂಗಡಿ: ನಾಟಿ ಹುಂಜದ ಕತ್ತಿನ ಗರಿ. ಸೋಪು ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು.
- ಟೈಲರ್ ಅಂಗಡಿ: ಗಟ್ಟಿ ಪಾಲಿಯೆಸ್ಟರ್ ದಾರ, ಜರಿ. ವಿದೇಶದವರು ಹೊಳಪಿಗೆ ಬಳಸುವ ಟಿನ್ಸೆಲ್ ಬದಲಿಗೆ ನಮ್ಮ ಜರಿಯೇ ಸಾಕು.
- ಫ್ಯಾನ್ಸಿ ಸ್ಟೋರ್: ಬಣ್ಣವಿಲ್ಲದ ನೈಲ್ ಪಾಲಿಶ್, ಹಿತ್ತಾಳೆ ಮಣಿ.

ಜಿಂಕೆ ಬಾಲದ ಕೂದಲು ವಿದೇಶಿ ಫ್ಲೈಗಳಲ್ಲಿ ಸಾಮಾನ್ಯ. ಇಲ್ಲಿ ಮೇಕೆ ಕೂದಲು ಬಳಸಬೇಕು.

ಕಟ್ಟುವ ಕ್ರಮ

1. ನಳಿಗೆಯನ್ನು ಮೂರು ಸೆಂ.ಮೀ. ಕತ್ತರಿಸಿ. ಎರಡೂ ತುದಿಯನ್ನು ಲೈಟರ್ ಹತ್ತಿರ ಒಂದು ಕ್ಷಣ ಹಿಡಿದರೆ ಅಂಚು ಉಬ್ಬುತ್ತೆ. ಸುತ್ತಿದ ದಾರ ಜಾರಲ್ಲ, ಗಾಳದ ದಾರವೂ ಸವೆಯಲ್ಲ. ತೂತು ಮುಚ್ಚದಂತೆ ನೋಡಿಕೊಳ್ಳಿ.
2. ನಳಿಗೆಯನ್ನು ದಬ್ಬಳಕ್ಕೆ ಬಿಗಿಯಾಗಿ ಏರಿಸಿ, ದಬ್ಬಳವನ್ನು ವೈಸ್‌ಗೆ ಸಿಕ್ಕಿಸಿ.
3. ಮುಂದಿನಿಂದ ಹಿಂದಕ್ಕೆ ದಾರ ಸುತ್ತಿ. ಹಿಂಭಾಗದಲ್ಲಿ ಅರ್ಧ ಸೆಂ.ಮೀ. ಖಾಲಿ ಬಿಡಿ.
4. ಜರಿಯ ತುದಿಯನ್ನು ಹಿಂದೆ ಕಟ್ಟಿ, ದಾರವನ್ನು ಮುಂದಕ್ಕೆ ತನ್ನಿ. ನಂತರ ಜರಿಯನ್ನು ಸಾಲಾಗಿ ಮುಂದಕ್ಕೆ ಸುತ್ತಿ ಕಟ್ಟಿ. ಇದು ಮೀನಿನ ಹೊಟ್ಟೆಯ ಹೊಳಪು.
5. ಮುಂಭಾಗದಲ್ಲಿ ಮೇಕೆ ಕೂದಲಿನ ಸಣ್ಣ ಕಟ್ಟು, ಅದರ ಎರಡೂ ಬದಿಗೆ ಒಂದೊಂದು ಗರಿ. ಕೆಳಗೆ ಬಿಳಿ, ಮೇಲೆ ಕಪ್ಪು ಅಥವಾ ಕಂದು ಇರಲಿ. ಮೀನಿನ ಹೊಟ್ಟೆ, ಬೆನ್ನಿನ ಬಣ್ಣವೂ ಹಾಗೇ ತಾನೆ?
6. ದಾರ ಬಿಗಿದು ಗಂಟು ಹಾಕಿ, ತಲೆಗೆ ಎರಡು ಸಲ ನೈಲ್ ಪಾಲಿಶ್ ಹಚ್ಚಿ. ಬೇಗ ಮುಳುಗಬೇಕಾದರೆ ಗಾಳದ ದಾರಕ್ಕೆ ಮೊದಲು ಹಿತ್ತಾಳೆ ಮಣಿ, ಆಮೇಲೆ ಫ್ಲೈ ಪೋಣಿಸಿ.
7. ಖಾಲಿ ಬಿಟ್ಟ ಹಿಂಭಾಗಕ್ಕೆ ಮೆತ್ತನೆ ಟ್ಯೂಬಿನ ತುಂಡು ಏರಿಸಿ. ಸಡಿಲವಿದ್ದರೆ ಒಳಗೆ ನಾಲ್ಕು ಸುತ್ತು ದಾರ ಹೆಚ್ಚು ಸುತ್ತಿ. ಕೊಕ್ಕೆಯ ಕಣ್ಣು ಈ ತುಂಡಿನೊಳಗೆ ಕೂರುತ್ತೆ.

ಹೊಸಬರು ಮಾಡುವ ತಪ್ಪು ಒಂದೇ: ಗರಿ ತುಂಬಿಸೋದು. ದಪ್ಪ ಕಟ್ಟಿದ ಫ್ಲೈ ನೀರಲ್ಲಿ ಆಡುವುದಿಲ್ಲ, ಪೊರಕೆ ತುಂಡಿನಂತೆ ಬರುತ್ತೆ.

ಕಾಡುಕೋಳಿ ಗರಿ ಬೇಡ

ಇಂಗ್ಲೆಂಡಿನ ಹಳೆಯ ಸಾಲ್ಮನ್ ಫ್ಲೈಗಳ ಕೆನ್ನೆಯಲ್ಲಿ ಹೊಳೆಯುವ ಚುಕ್ಕೆ ಗರಿ ಇರುತ್ತೆ. ಅದು ನಮ್ಮ ಪಶ್ಚಿಮ ಘಟ್ಟದ ಕಾಡುಕೋಳಿ ಹುಂಜದ ಕತ್ತಿನದು. ಈ ಗರಿಗಾಗಿಯೇ ಹಿಂದೆ ಸಾವಿರಾರು ಹಕ್ಕಿಗಳ ಚರ್ಮ ಹಡಗು ಹತ್ತಿತ್ತು. ಈಗ ಕಾಡುಕೋಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಯಾರೋ ಒಳ್ಳೆ ರೇಟು ಕೊಡ್ತಾರೆ ಅಂತ ಅಂಗಡಿಯಲ್ಲಿ ಇಟ್ಟರೆ ಕೇಸು ಗ್ಯಾರಂಟಿ. ಜಿಂಕೆ, ಕಡವೆ ಕೂದಲಿಗೂ ಇದೇ ಮಾತು. ಬಿಳಿ ಗರಿಯ ಮೇಲೆ ಕಪ್ಪು ಬಣ್ಣದ ಚುಕ್ಕೆ ಇಟ್ಟರೆ ಕಣ್ಣಿನ ಕೆಲಸ ಆಗುತ್ತೆ.

ನದಿಗೆ ಇಳಿಯುವ ಮುನ್ನ

ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ 2018ರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿ. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ. ಭೀಮೇಶ್ವರಿಯ ಹೆಸರಾಂತ ಗಾಳದ ಶಿಬಿರ ನಿಂತದ್ದೂ ಅದಕ್ಕೇ. ರಾಮನಾಥಪುರ, ಶಿಶಿಲ, ಶೃಂಗೇರಿಯ ದೇವರ ಮೀನುಗಳ ತಂಟೆಗೆ ಯಾರೂ ಹೋಗುವುದಿಲ್ಲ. ಉಳಿದ ಕಡೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಅನುಮತಿ ಪಡೆದೇ ಇಳಿಯಬೇಕು.

ಒಂಟಿ ಕೊಕ್ಕೆ ಬಳಸಿ, ಅದರ ಹಿಮ್ಮುಳ್ಳನ್ನು ಪಕ್ಕಡ್‌ನಿಂದ ಒತ್ತಿ ಚಪ್ಪಟೆ ಮಾಡಿ. ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು, ನೀರಲ್ಲೇ ಕೊಕ್ಕೆ ಬಿಡಿಸಿ. ಅದು ತಾನಾಗಿ ಬಾಲ ಬೀಸುವವರೆಗೆ ಹರಿವಿಗೆ ಎದುರಾಗಿ ಹಿಡಿದುಕೊಂಡು, ಆಮೇಲೆ ಕೈ ಬಿಡಿ.